ಡೈರಿ ಮುಂದೆ ಕೂತು ಕಂದಾಯ ವಸೂಲಿ: ನನ್ನ ಅನುಭವ

"ನಮ್ಮ ಜನ ಮೊಬೈಲಲ್ಲಿ ಕಂದಾಯ ಕಟ್ತಾರಾ? ಸುಮ್ನೆ ಮಷೀನ್ ಹೊತ್ಕೊಂಡು ತಿರುಗ್ತೀಯ" ಎಂದು ಮೂರು ವರ್ಷದ ಹಿಂದೆ ಸದಸ್ಯರೊಬ್ಬರು ಮೀಟಿಂಗಿನಲ್ಲೇ ಹೇಳಿದ್ದರು. ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿಯ ಬಿಲ್ ಕಲೆಕ್ಟರ್. ಸುಮಾರು 1,900 ಖಾತೆ, ಬೇಡಿಕೆ, ಅಂದರೆ ಬರಬೇಕಾದ ಕಂದಾಯ, ಹೆಚ್ಚುಕಮ್ಮಿ 14 ಲಕ್ಷ. ಆಗ ಐದು ಲಕ್ಷ ಬಂದರೆ ದೊಡ್ಡದು. ಈ ಮಾರ್ಚಿಗೆ 11 ಲಕ್ಷ ದಾಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ಎಡವಿದೆ. ನೀರಿನ ಟ್ಯಾಂಕು, ನ್ಯಾಯಬೆಲೆ ಅಂಗಡಿ, ಕಂಡಲ್ಲೆಲ್ಲ ಕ್ಯೂಆರ್ ಅಂಟಿಸಿದೆ. ಅರವತ್ತು ಸಾವಿರದಷ್ಟು ದುಡ್ಡೂ ಬಂತು. ಆದರೆ ಯಾವ ಮನೆಯದು? ಹಾಕಿದವನು ಬೆಂಗಳೂರಲ್ಲಿರುವ ಮಗ, ಖಾತೆ ಇರುವುದು ತೀರಿಕೊಂಡ ಅಜ್ಜನ ಹೆಸರಲ್ಲಿ. ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಮೂರು ವಾರ ಫೋನ್ ಮಾಡಿದೆ. ಅಷ್ಟರಲ್ಲಿ ಕಟ್ಟಿದವರ ಮನೆಗೇ ಬಾಕಿ ಬಿಲ್ ಹೋಗಿ, ಬೈಸಿಕೊಂಡೆ. ಎಂಟು ಸಾವಿರ ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ. ಸ್ಟಿಕರುಗಳನ್ನು ನಾನೇ ಕಿತ್ತೆ. ಈಗ ಪಂಚಾಯ್ತಿ ಲೆಕ್ಕದ ಸಾಫ್ಟ್‌ವೇರ್ ಪಂಚತಂತ್ರದಲ್ಲಿ ಆ ಆಸ್ತಿಯ ದಾಖಲೆ ತೆಗೆಯದೆ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ರಸೀದಿ ಅಲ್ಲೇ ಪ್ರಿಂಟ್, ಅಲ್ಲೇ ಕೈಗೆ.

ಎರಡನೇ ವರ್ಷ ವಸೂಲಿ ಬಿಟ್ಟು ಡಿಸಿಬಿ, ಅಂದರೆ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ, ಸರಿ ಮಾಡಲು ಕೂತೆ. ನಾಲ್ಕು ತಿಂಗಳು ಹಿಡಿಯಿತು. ಬಿದ್ದುಹೋದ ಮನೆ, ಎರಡು ಸಲ ಏರಿದ ಖಾತೆ ಎಲ್ಲ ತೆಗೆಸಿದೆವು. ಜನರ ತಕರಾರು ಇದ್ದದ್ದು ಮೊಬೈಲ್ ಮೇಲಲ್ಲ, ಲೆಕ್ಕದ ಮೇಲೆ. ತೆರಿಗೆ 500 ಇದ್ದರೆ ಬಿಲ್ 670 ಯಾಕೆ ಎಂದು ಕೇಳುತ್ತಿದ್ದರು. ಆರೋಗ್ಯಕ್ಕೆ 15, ಶಿಕ್ಷಣಕ್ಕೆ 10, ಗ್ರಂಥಾಲಯಕ್ಕೆ 6, ಭಿಕ್ಷುಕರ ಕರ 3, ನೂರಕ್ಕೆ ಒಟ್ಟು 34 ಎಂದು ಬಿಡಿಸಿ ಹೇಳಿದ ಮೇಲೆ ಎಷ್ಟೋ ಜನ ಜಗಳ ಬಿಟ್ಟರು.

ಆಮೇಲೆ ಡೈರಿ. ಹಾಲಿನ ಬಟವಾಡೆ ಅಕೌಂಟಿಗೆ ಬೀಳುತ್ತದೆ, ಫೋನ್ ಜೇಬಲ್ಲೇ ಇರುತ್ತದೆ. ಬಟವಾಡೆಯ ಮಾರನೇ ಬೆಳಗ್ಗೆ ಆರಕ್ಕೆ ಅಲ್ಲಿ ಕೂತರೆ ಎಂಟರೊಳಗೆ 30–35 ರಸೀದಿ! ಮನೆ ಮನೆ ಸುತ್ತಿದರೆ ದಿನಕ್ಕೆ ಹತ್ತೂ ಆಗುತ್ತಿರಲಿಲ್ಲ.

ನಡುವೆ ಆಟೋಗೆ ಮೈಕ್ ಕಟ್ಟಿ 1,200 ಖರ್ಚು ಮಾಡಿದೆ, ಬಂದವರು ನಾಲ್ಕೇ ಜನ. ಮಾರಮ್ಮನ ಹಬ್ಬಕ್ಕೆ ಬಂದ ಬೆಂಗಳೂರಿನವರ ನಂಬರ್ ಬರೆದುಕೊಂಡದ್ದು ಮಾತ್ರ ಚೆನ್ನಾಗಿ ಕೈಹಿಡಿಯಿತು. ಬಿಲ್ಲನ್ನು ಆಸ್ತಿ ನಂಬರ್ ಸಮೇತ ಕಳಿಸುತ್ತೇನೆ. ನೂರಕ್ಕೂ ಜಾಸ್ತಿ ಮನೆ ಈಗ ಅಲ್ಲಿಂದಲೇ ಕಟ್ಟುತ್ತವೆ.

ಒಂದು ತಾಂಡಾ ಇನ್ನೂ ಬಾಕಿ. ಅಲ್ಲಿ ಸಿಗ್ನಲ್ ಸಿಗುವುದು ಗುಡಿ ಹಿಂದಿನ ಬಂಡೆ ಮೇಲೆ ಮಾತ್ರ. ಹೋದ ಭಾನುವಾರ ಅಲ್ಲೇ ಕೂತೆ. ಒಂಬತ್ತು ಜನ ಹತ್ತಿ ಬಂದು ಕಟ್ಟಿದರು. ಬರುವ ಭಾನುವಾರವೂ ಹೋಗುತ್ತೇನೆ.