ಹರಿವೆ ಪಲ್ಯ ಉಂಡು ಮೇಲಿಂದ ಚಾ ಕುಡಿಯುತ್ತಿದ್ದೆ

ನಮ್ಮ ಮನೆ ಕುಂಬಳೆ ಹತ್ತಿರ. ಚೊಚ್ಚಲ ಬಸುರಿ. ಐದನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.2 ಅಂತ ಬಂತು. ಬಸುರಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ನನಗೆ ಅಳುವೇ ಬಂತು. ಯಾಕಂದ್ರೆ ಹಿತ್ತಲಿನ ಕೆಂಪು ಹರಿವೆ ವಾರದಲ್ಲಿ ನಾಲ್ಕು ದಿನ ಬಟ್ಟಲಲ್ಲಿ ಇರುತ್ತಿತ್ತು, ಹೆಸರುಕಾಳು ಹಾಕಿದ ಗಂಜಿಯೂ ಇತ್ತು, ಕಬ್ಬಿಣದ ಮಾತ್ರೆ ಒಂದು ದಿನವೂ ತಪ್ಪಿಸಿರಲಿಲ್ಲ.

"ಮಾತ್ರೆ ಯಾವಾಗ ತಗೊಳ್ತೀರಿ, ಚಾ ಯಾವಾಗ ಕುಡಿಯುತ್ತೀರಿ?" ಅಂತ ಉಪಕೇಂದ್ರದ ನರ್ಸ್ ಕೇಳಿದರು.

"ಎರಡೂ ಊಟ ಆದ ಕೂಡಲೇ."

ಅಲ್ಲೇ ಎಡವಟ್ಟು ಆಗಿತ್ತು. ಚಾದ ಒಗರು ಇದೆಯಲ್ಲ, ಅದು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಮೈಗೆ ಸರಿಯಾಗಿ ಸೇರಲಿಕ್ಕೆ ಬಿಡುವುದಿಲ್ಲ. ಸೊಪ್ಪು, ಕಾಳಿನ ಕಬ್ಬಿಣ ಮೊದಲೇ ಮೈಗೆ ಸೇರುವುದು ಕಡಿಮೆ. ವಿಟಮಿನ್ ಸಿ ಇರುವ ನೆಲ್ಲಿಕಾಯಿ, ಪೇರಳೆ, ಲಿಂಬೆಹುಳಿ ಜೊತೆಗಿದ್ದರೆ ಜಾಸ್ತಿ ಸೇರುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯ ಒಟ್ಟಿಗೆ ನುಂಗಬಾರದು.

ಡಾಕ್ಟರ್ ಕಬ್ಬಿಣದ ಮಾತ್ರೆಯನ್ನು ದಿನಕ್ಕೆ ಎರಡು ಮಾಡಿದರು. ಅಡಿಗೆಮನೆಯಲ್ಲಿ ನಾನು ಬದಲಿಸಿದ್ದು ಸ್ವಲ್ಪವೇ. ಚಾ ಸಂಜೆ ನಾಲ್ಕಕ್ಕೆ ಹೋಯಿತು, ಅದೂ ಒಂದೇ ಲೋಟ. ಊಟಕ್ಕೆ ನೆಲ್ಲಿಕಾಯಿ ಚಟ್ನಿ ಬಂತು. ಎರಡು ನೆಲ್ಲಿಕಾಯಿಯ ಬೀಜ ತೆಗೆದು, ಒಂದು ಹಿಡಿ ತೆಂಗಿನ ತುರಿ, ಒಂದು ಗಾಂಧಾರಿ ಮೆಣಸು, ಉಪ್ಪು ಹಾಕಿ ಕಲ್ಲಲ್ಲಿ ಅರೆಯುವುದು, ಅಷ್ಟೇ. ಒಗ್ಗರಣೆ ಬೇಡ, ಕುದಿಸುವುದಂತೂ ಬೇಡವೇ ಬೇಡ, ಬಿಸಿಗೆ ವಿಟಮಿನ್ ಸಿ ಹಾಳಾಗುತ್ತದೆ. ಕುಚ್ಚಿಲಕ್ಕಿ ಗಂಜಿಗೆ ಆ ಹುಳಿ-ಖಾರ ನಂಚಿಕೊಂಡರೆ, ಮೂರು ತಿಂಗಳು ವಾಂತಿಯಲ್ಲಿ ಸತ್ತುಹೋಗಿದ್ದ ಬಾಯಿರುಚಿ ವಾಪಸ್ ಬಂದ ಹಾಗೆ ಆಗುತ್ತಿತ್ತು.

ಮೀನಿನ ವಿಷಯಕ್ಕೆ ಮಾತ್ರ ಮನೆಯಲ್ಲಿ ಸ್ವಲ್ಪ ಚರ್ಚೆ ಆಯಿತು. ಬೂತಾಯಿ ಉಷ್ಣ, ಬಸುರಿಗೆ ಬೇಡ ಅಂತ ಅತ್ತೆ. ಅವರದು ಕಾಳಜಿಯೇ, ನನಗೆ ಗೊತ್ತು. ಮುಂದಿನ ಸಲ ಉಪಕೇಂದ್ರಕ್ಕೆ ಅವರನ್ನೂ ಕರ್ಕೊಂಡು ಹೋದೆ. ಬೂತಾಯಿಯಂಥ ಸಣ್ಣ ಮೀನು ಒಳ್ಳೆಯದೇ, ಪ್ರೋಟೀನೂ ಕಬ್ಬಿಣವೂ ಸಿಗುತ್ತದೆ, ಚೆನ್ನಾಗಿ ಬೇಯಿಸಿ ಕೊಡಿ ಅಂತ ನರ್ಸೇ ಹೇಳಿದರು. ಮರುದಿನ ಅತ್ತೆ ತಾವೇ ಮೀನು ತೆಗೆದುಕೊಂಡು, ಹುಳಿ ಕಡಿಮೆ ಮಾಡಿ ಸಾರು ಮಾಡಿದರು.

ಮಾತ್ರೆ ಎರಡಾದ ಮೇಲೆ ಮಲಬದ್ಧತೆ ಜೋರಾಯಿತು, ಮಲ ಕಪ್ಪಾಯಿತು. ಕಪ್ಪಾಗುವುದಕ್ಕೆ ಹೆದರಬೇಡಿ, ಮಾತ್ರೆಯಿಂದ ಹಾಗಾಗುತ್ತದೆ. ಬಾಳೆದಿಂಡಿನ ಪಲ್ಯ, ಜಾಸ್ತಿ ನೀರು, ಇವು ನನಗೆ ಉಪಕಾರ ಆದವು. ಇದೇ ಕಾರಣಕ್ಕೆ ಸುಮ್ನೆ ಮಾತ್ರೆ ನಿಲ್ಲಿಸುವವರು ಇದ್ದಾರೆ, ದಯವಿಟ್ಟು ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಎಂಟನೇ ತಿಂಗಳಲ್ಲಿ 11.1 ಬಂತು. ಬರೀ ಊಟದಿಂದ ಏರಿತು ಅಂತ ಹೇಳಲಾರೆ, ಮಾತ್ರೆಯ ಪಾಲೇ ದೊಡ್ಡದು. ಆದರೆ ಮೊದಲೂ ಮಾತ್ರೆ ನುಂಗುತ್ತಿದ್ದೆ ಅಲ್ವಾ? ಈಗ ನಾದಿನಿಗೆ ನಾಲ್ಕು ತಿಂಗಳು. ಊಟ ಮುಗಿಸಿ ಅವಳು ಎದ್ದರೆ ಅತ್ತೆ ಚಾಪುಡಿಯ ಡಬ್ಬ ತೆಗೆದಿಡುತ್ತಾರೆ, ನಾಲ್ಕು ಗಂಟೆಗೇ ಅದು ಹೊರಗೆ ಬರುವುದು.