ಹಾಲಿವುಡ್ ಬೇಸಿಗೆಯ ಹಿಟ್‌ಗಳನ್ನು ನಾನು ಊಹಿಸುವ ಬಗೆ

ಪ್ರತಿ ವರ್ಷ ಏಪ್ರಿಲ್ ಕೊನೆಯ ವಾರ ನೋಟ್‌ಬುಕ್ ತೆಗೆದು ಕೂರುತ್ತೇನೆ. ಹಾಲಿವುಡ್‌ಗೆ ಬೇಸಿಗೆ ಸೀಸನ್ ಎಂದರೆ ಮೇ ಮೊದಲ ವಾರಾಂತ್ಯದಿಂದ ಸೆಪ್ಟೆಂಬರ್ ಆರಂಭದ ಲೇಬರ್ ಡೇ ರಜೆಯವರೆಗೆ. ಆ ನಾಲ್ಕು ತಿಂಗಳಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಅತಿ ಹೆಚ್ಚು ಗಳಿಸುವ ಹತ್ತು ಚಿತ್ರಗಳನ್ನು ಆರಿಸಿ, ಒಂದೊಂದರ ಮುಂದೆ ಮೊತ್ತ ಬರೆಯುತ್ತೇನೆ. ಪೆನ್ನಿನಲ್ಲೇ ಬರೆಯುವುದು, ಆಮೇಲೆ ತಿದ್ದುವಂತಿಲ್ಲ. ಬರೆದಿಡದೇ ಹೋದರೆ ಚಿತ್ರ ಗೆದ್ದ ಮೇಲೆ 'ನನಗೆ ಮೊದಲೇ ಗೊತ್ತಿತ್ತು' ಅನಿಸಿಬಿಡುತ್ತದೆ, ಕಲಿಯುವುದು ಅಲ್ಲಿಗೇ ನಿಲ್ಲುತ್ತದೆ.

ನನಗೆ ಪಾಠವಾದದ್ದು 2023ರ ಜೂನ್ 16. ಅಂದು ಸೂಪರ್‌ಹೀರೋ ಚಿತ್ರ 'ದಿ ಫ್ಲ್ಯಾಶ್' ಮತ್ತು ಪಿಕ್ಸಾರ್ ಸ್ಟುಡಿಯೋದ ಅನಿಮೇಷನ್ ಚಿತ್ರ 'ಎಲಿಮೆಂಟಲ್' ಒಟ್ಟಿಗೇ ತೆರೆಗೆ ಬಂದವು. ಟ್ರೇಲರ್‌ಗೆ ಸಿಕ್ಕ ಸದ್ದು ನಂಬಿ ಮೊದಲನೆಯದನ್ನು ನಾನು ಐದರೊಳಗೆ ಇಟ್ಟಿದ್ದೆ, ಎರಡನೆಯದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಮೊದಲ ವಾರಾಂತ್ಯ ಫ್ಲ್ಯಾಶ್ 5.5 ಕೋಟಿ ಡಾಲರ್ ತಂದಿತು, ಎಲಿಮೆಂಟಲ್ 2.96 ಕೋಟಿ. ಪಿಕ್ಸಾರ್ ಕಥೆ ಮುಗಿಯಿತು ಎಂದೇ ಎಲ್ಲರೂ ಮಾತಾಡಿಕೊಂಡರು. ಆದರೆ ಓಟ ಮುಗಿಯುವ ಹೊತ್ತಿಗೆ ಫ್ಲ್ಯಾಶ್ 10.8 ಕೋಟಿಗೆ ನಿಂತಿತ್ತು, ಎಲಿಮೆಂಟಲ್ 15.4 ಕೋಟಿ ದಾಟಿ ಬೇಸಿಗೆಯ ಹತ್ತರೊಳಗೆ ಬಂದಿತ್ತು. ಓಪನಿಂಗ್‌ನ, ಅಂದರೆ ಮೊದಲ ವಾರಾಂತ್ಯದ ಗಳಿಕೆಯ ಐದು ಪಟ್ಟು!

ಆ ಎರಡು ಚಿತ್ರಗಳ ದಿನದಿನದ ಕಲೆಕ್ಷನ್ ಅಕ್ಕಪಕ್ಕ ಬರೆದುಕೊಂಡು ಎಷ್ಟು ಸಲ ನೋಡಿದ್ದೇನೋ. ಸುಳಿವು ಗುರುವಾರ ರಾತ್ರಿಯ ಪ್ರಿವ್ಯೂನಲ್ಲೇ, ಅಂದರೆ ಶುಕ್ರವಾರದ ಬಿಡುಗಡೆಗೆ ಮುಂಚಿನ ಪ್ರದರ್ಶನಗಳಲ್ಲೇ ಇತ್ತು. ಫ್ಲ್ಯಾಶ್‌ಗೆ ಅಲ್ಲೇ 97 ಲಕ್ಷ ಡಾಲರ್ ಬಂದಿತ್ತು, ಅಂದರೆ ಇಡೀ ವಾರಾಂತ್ಯದ ಆರನೇ ಒಂದು ಭಾಗಕ್ಕಿಂತ ಹೆಚ್ಚು. ಕಟ್ಟಾ ಅಭಿಮಾನಿಗಳು ಮೊದಲ ರಾತ್ರಿಯೇ ನೋಡಿ ಮುಗಿಸಿದ್ದರು, ಹಿಂದೆ ಹೊಸಬರು ಬರಲಿಲ್ಲ. ಎಲಿಮೆಂಟಲ್‌ಗೆ ಬಂದದ್ದು 24 ಲಕ್ಷವಷ್ಟೇ, ವಾರಾಂತ್ಯದ ಹನ್ನೆರಡನೇ ಒಂದು ಭಾಗ. ಸಂಸಾರವಂದಿಗರು ಗುರುವಾರ ರಾತ್ರಿ ಮಕ್ಕಳನ್ನು ಹೊರಡಿಸಿಕೊಂಡು ಬರುವುದಿಲ್ಲ, ಶನಿವಾರ ಬರುತ್ತಾರೆ. ಶಾಲೆಗೆ ರಜೆ ಇರುವುದರಿಂದ ಮಂಗಳವಾರ, ಬುಧವಾರವೂ ಬರುತ್ತಾರೆ. ಎರಡನೇ ವಾರಾಂತ್ಯ ಫ್ಲ್ಯಾಶ್ ಗಳಿಕೆ ಶೇ. 70ಕ್ಕಿಂತ ಹೆಚ್ಚು ಕುಸಿಯಿತು, ಎಲಿಮೆಂಟಲ್‌ದು ಶೇ. 40ರೊಳಗೇ ಇಳಿಯಿತು. ಮೊದಲ ದಿನ ಥಿಯೇಟರ್‌ನಿಂದ ಹೊರಬಂದವರನ್ನು ಕೇಳಿ ಸಿನಿಮಾಸ್ಕೋರ್ ಸಂಸ್ಥೆ ಕೊಡುವ ಗ್ರೇಡ್ ಕೂಡ ಇದನ್ನೇ ಹೇಳಿತ್ತು: ಫ್ಲ್ಯಾಶ್‌ಗೆ ಬಿ, ಎಲಿಮೆಂಟಲ್‌ಗೆ ಎ. ಈ ಗಾತ್ರದ ಬೇಸಿಗೆ ಚಿತ್ರಕ್ಕೆ ಬಿ ಬಂತೆಂದರೆ ನಾನು ಆಸೆ ಬಿಡುತ್ತೇನೆ.

ಏಪ್ರಿಲ್‌ನಲ್ಲಿ ಈ ಗ್ರೇಡೂ ಇರುವುದಿಲ್ಲ, ಪ್ರಿವ್ಯೂ ಅಂಕಿಯೂ ಇರುವುದಿಲ್ಲ. ಹಾಗಾಗಿ ಈಗ ಪ್ರತಿ ಚಿತ್ರಕ್ಕೂ ಮೊದಲು ಕೇಳುವ ಪ್ರಶ್ನೆ, ಮೂರನೇ ವಾರ ಇದಕ್ಕೆ ಟಿಕೆಟ್ ಕೊಳ್ಳುವವರು ಯಾರು? ಸೀಕ್ವೆಲ್ ಆದರೆ ಹಿಂದಿನ ಭಾಗ ಓಪನಿಂಗ್‌ನ ಎಷ್ಟು ಪಟ್ಟು ಓಡಿತ್ತು ಎಂದು ನೋಡುತ್ತೇನೆ. ಜನ ಹಿಂದಿನದನ್ನು ಮೆಚ್ಚಿದ್ದರೆ ಅದರ ಫಲ ಮುಂದಿನದಕ್ಕೆ ಸಿಗುತ್ತದೆ, ಬೇಸರಪಟ್ಟಿದ್ದರೆ ಅದೂ ಇದರ ತಲೆಗೇ ಬೀಳುತ್ತದೆ.

ಆಮೇಲೆ ಕ್ಯಾಲೆಂಡರ್. 2023ರಲ್ಲೇ ಜುಲೈ 12ಕ್ಕೆ ಬಂದ ಮಿಷನ್ ಇಂಪಾಸಿಬಲ್ ಚಿತ್ರದ ಐಮ್ಯಾಕ್ಸ್ ಎಂಬ ದೈತ್ಯ ತೆರೆಗಳು 21ಕ್ಕೆ 'ಓಪನ್‌ಹೈಮರ್' ಪಾಲಾದವು. ಅದೇ ದಿನ 'ಬಾರ್ಬಿ' ಕೂಡ ಬಂತು. ಎರಡನೇ ವಾರಾಂತ್ಯ ಮಿಷನ್ ಇಂಪಾಸಿಬಲ್ ಗಳಿಕೆ ಶೇ. 60ಕ್ಕಿಂತ ಹೆಚ್ಚು ಬಿತ್ತು. ಚಿತ್ರ ಚೆನ್ನಾಗಿಯೇ ಇತ್ತು, ಇವತ್ತಿಗೂ ನನಗೆ ಅದರ ಬಗ್ಗೆ ಸಂಕಟವಿದೆ.

ಬಜೆಟ್ ಲೆಕ್ಕ ಬೇರೆ ಪುಟದಲ್ಲಿ ಇಡುತ್ತೇನೆ. ಟಿಕೆಟ್ ಹಣದಲ್ಲಿ ಸುಮಾರು ಅರ್ಧ ಥಿಯೇಟರ್‌ಗಳಿಗೆ ಹೋಗುತ್ತದೆ, ಪ್ರಚಾರದ ಖರ್ಚು ಬೇರೆ. ವಿಶ್ವಾದ್ಯಂತ ಬಜೆಟ್‌ನ ಎರಡೂವರೆ ಪಟ್ಟು ಬಂದರೆ ಥಿಯೇಟರ್ ಓಟದಲ್ಲೇ ದಡ ಮುಟ್ಟಿತು ಎಂಬುದು ನಾನು ಬಳಸುವ ಒರಟು ಅಳತೆ.

2024ರಲ್ಲಿ ಈ ದಾರಿಯಲ್ಲೇ ಹೋಗಿ 'ಇನ್‌ಸೈಡ್ ಔಟ್ 2' ಅನ್ನು ಮೊದಲ ಸ್ಥಾನದಲ್ಲಿ ಬರೆದೆ, ಮುಂದೆ 40 ಕೋಟಿ ಡಾಲರ್ ಎಂದು ಹಾಕಿದೆ. ಸ್ಥಾನ ಸರಿಯಾಯಿತು. ಮೊತ್ತ 65 ಕೋಟಿ ದಾಟಿತು. ಅಷ್ಟು ದೊಡ್ಡ ಅಂಕಿಯನ್ನು ಏಪ್ರಿಲ್‌ನಲ್ಲೇ ಬರೆಯುವ ಧೈರ್ಯ ನನಗಿನ್ನೂ ಬಂದಿಲ್ಲ.