ಪಿಆರ್‌ಪಿ: ನೆತ್ತಿಗಿಂತ ಮೊದಲು ಟ್ಯೂಬಿನ ಲೆಕ್ಕ

ಕಲಬುರಗಿಯಲ್ಲಿ ಕೂದಲು ಉದುರಿದರೆ ಮೊದಲ ಆರೋಪಿ ಬೋರಿನ ನೀರು. "ಸರ, ಬೋರಿನ ನೀರಿಗಿ ಕೂದ್ಲ ಭಾಳ ಉದರ್ಲಿಕತ್ಯಾವ್ರಿ" ಅನ್ನುತ್ತಲೇ ಕುರ್ಚಿಗೆ ಕೂರುತ್ತಾರೆ. ಗಡಸು ನೀರಿಗೆ ಕೂದಲು ಒರಟಾದೀತು, ಅಷ್ಟೇ. ಹಣೆಯ ಮೂಲೆ ಹಿಂದೆ ಸರಿಯುವುದು, ನೆತ್ತಿ ತೆಳುವಾಗುವುದು ಹಾರ್ಮೋನು ಮತ್ತು ವಂಶದ ಕೆಲಸ. ಡೆಂಗಿ ಬಂದು ಎರಡು-ಮೂರು ತಿಂಗಳಿಗೆ ಹಿಡಿ ಹಿಡಿ ಉದುರುವುದು ಇನ್ನೊಂದೇ ಕಥೆ. ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ, ಸೂಜಿ ಬೇಡ. ಡರ್ಮೋಸ್ಕೋಪಿನಲ್ಲಿ (ಚರ್ಮವನ್ನು ದೊಡ್ಡದಾಗಿ ತೋರಿಸುವ ಮಸೂರ) ದಪ್ಪ ಕೂದಲ ಪಕ್ಕದಲ್ಲೇ ತೆಳು ಕೂದಲು ಕಂಡರೆ ಮಾತ್ರ ಪಿಆರ್‌ಪಿ (ರೋಗಿಯದೇ ರಕ್ತದಿಂದ ಪ್ಲೇಟ್‌ಲೆಟ್ ಕಣಗಳನ್ನು ದಟ್ಟವಾಗಿ ಬೇರ್ಪಡಿಸಿ ನೆತ್ತಿಗೆ ಚುಚ್ಚುವುದು) ಮಾತು ತೆಗೆಯುತ್ತೇನೆ. ನೆತ್ತಿ ನುಣ್ಣಗೆ ಹೊಳೆಯುತ್ತಿದ್ದರೆ ದುಡ್ಡು ಉಳಿಸಿಕೊಳ್ಳಿ ಅನ್ನುತ್ತೇನೆ.

ರಕ್ತ ತೆಗೀತಾರಂತ ಆಳಂದ, ಸೇಡಂನಿಂದ ಬೆಳಗಿನ ಬಸ್ಸಿಗೆ ಉಪವಾಸ ಬರುವವರಿದ್ದಾರೆ. ಬೇಡ. ರೊಟ್ಟಿ ತಿಂದು, ಚೆನ್ನಾಗಿ ನೀರು ಕುಡಿದು ಬನ್ನಿ. ಬೇಸಿಗೆಯಲ್ಲಿ ಇಲ್ಲದಿದ್ದರೆ ರಕ್ತದ ನರವೇ ಸಿಗುವುದಿಲ್ಲ. ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್ ಒಂದು ವಾರ ಮೊದಲೇ ನಿಲ್ಲಬೇಕು. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಈಗ ಲೆಕ್ಕ. ಪ್ಲೇಟ್‌ಲೆಟ್ ಮೈಕ್ರೋಲೀಟರ್‌ಗೆ 2.5 ಲಕ್ಷ ಇರುವವರ 18 ಮಿ.ಲೀ. ರಕ್ತದಿಂದ 3 ಮಿ.ಲೀ. ಪಿಆರ್‌ಪಿ ತೆಗೆದರೆ, ಒಂದು ಕಣವೂ ಹಾಳಾಗದಿದ್ದರೆ 15 ಲಕ್ಷ. ಮೂರರಲ್ಲಿ ಒಂದು ಪಾಲು ಹೋದರೂ 10 ಲಕ್ಷ ಉಳಿಯುತ್ತದೆ, ನಮಗೆ ಬೇಕಾದದ್ದು ಅಷ್ಟು. ಅದೇ 8 ಮಿ.ಲೀ. ರಕ್ತದ ಒಂದೇ ಟ್ಯೂಬಿನಿಂದ 4 ಮಿ.ಲೀ. ಎಳೆದರೆ 5 ಲಕ್ಷ ದಾಟಲು ಸಾಧ್ಯವೇ ಇಲ್ಲ, ಕಿಟ್ ಎಷ್ಟೇ ತುಟ್ಟಿಯದಾಗಿರಲಿ. ಆದ್ದರಿಂದ ತಯಾರಾದದ್ದರಲ್ಲಿ ಒಂದಿಷ್ಟನ್ನು ಆಗಾಗ ಲ್ಯಾಬಿಗೆ ಕಳಿಸಿ ಎಣಿಸುತ್ತೇನೆ.

ರಕ್ತ 21 ಗೇಜ್ ಬಟರ್‌ಫ್ಲೈ ಸೂಜಿಯಲ್ಲಿ, ಎಸಿಡಿ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ) ಇರುವ ಟ್ಯೂಬಿಗೆ. ಸಣ್ಣ ಸೂಜಿಯಲ್ಲಿ ಎಳೆದಾಡಿದರೆ ಪ್ಲೇಟ್‌ಲೆಟ್ ಅಲ್ಲೇ ಒಡೆದು ಗಂಟು ಕಟ್ಟುತ್ತದೆ. ಟ್ಯೂಬು ಮೆಲ್ಲಗೆ ತಲೆಕೆಳಗು ಮಾಡಿ, ಅಲುಗಾಡಿಸಬೇಡಿ. ಆಮೇಲೆ ಸೆಂಟ್ರಿಫ್ಯೂಜ್, ಅಂದರೆ ಟ್ಯೂಬು ಗಿರಗಿರ ತಿರುಗಿಸುವ ಯಂತ್ರ: ಮೊದಲ ಸುತ್ತು 250 ಜಿ (ಭೂಮಿಯ ಸೆಳೆತದ 250 ಪಟ್ಟು), 10 ನಿಮಿಷ. ಪ್ಲಾಸ್ಮಾವನ್ನು ಬಿಳಿ ಪದರದ ಅಂಚಿನ ತನಕ ಬೇರೆ ಟ್ಯೂಬಿಗೆ ತೆಗೆದು, ಎರಡನೇ ಸುತ್ತು 1000 ಜಿ, 10 ನಿಮಿಷ. ಮೇಲಿನ ಮೂರರಲ್ಲಿ ಎರಡು ಪಾಲು ಚೆಲ್ಲಿ, ತಳದ 3 ಮಿ.ಲೀ.ಯಲ್ಲಿ ಕಣಗಳನ್ನು ಕದಡಿಕೊಳ್ಳಬೇಕು. ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಂತ ಹೇಳಿದರೆ ಸಾಲದು: ರೋಟರ್ (ಟ್ಯೂಬು ಹಿಡಿದು ತಿರುಗುವ ಭಾಗ) ತ್ರಿಜ್ಯ 10 ಸೆಂ.ಮೀ. ಇದ್ದರೆ 1500 ಆರ್‌ಪಿಎಂಗೆ 250 ಜಿ, 15 ಇದ್ದರೆ ಸುಮಾರು 375. ಸಹೋದ್ಯೋಗಿ ಹೇಳಿದ ನಂಬರು ಹಾಕಿ ಕೆಂಪು ಪಿಆರ್‌ಪಿ ಬಂತು ಅನ್ನುವವರು ಮೊದಲು ಸ್ಕೇಲು ಹಿಡಿಯಲಿ.

ಬ್ರೇಕ್ ಬಂದ್ ಇರಲಿ. ಗಕ್ಕನೆ ನಿಂತರೆ ಪದರ ಕದಡುತ್ತದೆ. ನಡುವೆ ಕರೆಂಟ್ ಹೋದರೂ ಟೈಮರ್ ಲೆಕ್ಕ ಕೆಡುತ್ತದೆ, ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಮೇ ತಿಂಗಳ 42 ಡಿಗ್ರಿಯಲ್ಲಿ ಎಸಿ ರೋಗಿಗಿಂತ ಹೆಚ್ಚು ಟ್ಯೂಬಿಗೆ ಬೇಕು. ಇನ್ನೊಂದು ಹಟ ನನ್ನದು: ಒಬ್ಬರ ತಲೆ ಮುಗಿಯುವ ತನಕ ಇನ್ನೊಬ್ಬರ ರಕ್ತ ತೆಗೆಯುವುದಿಲ್ಲ. ಟ್ಯೂಬು ಅದಲುಬದಲಾದರೆ ಹೋಗುವುದು ಕೂದಲಲ್ಲ, ಹೆಪಟೈಟಿಸ್ ಬಿ ಇನ್ನೊಬ್ಬರ ಮೈಗೆ ಹೋಗುತ್ತದೆ.

ಹಣೆಯ ನರಗಳಿಗೆ ಮರಗಟ್ಟಿಸುವ ಲಿಗ್ನೊಕೇನ್ ಕೊಟ್ಟು, 30 ಗೇಜ್ ಸೂಜಿಯಲ್ಲಿ ಸೆಂಟಿಮೀಟರ್‌ಗೊಂದು ಚುಚ್ಚು, ಒಂದೊಂದಕ್ಕೆ 0.1 ಮಿ.ಲೀ. ಅಂದರೆ 3 ಮಿ.ಲೀ.ಗೆ 30 ಚುಚ್ಚು, ಸುಮಾರು 5×6 ಸೆಂ.ಮೀ. ಜಾಗ. ನೆತ್ತಿ, ಹಣೆಮೂಲೆ ಎರಡೂ ಬೇಕೆಂದರೆ ರಕ್ತವೂ ದುಪ್ಪಟ್ಟು ಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮರುದಿನ ಹಣೆ ಊದಿದರೆ ಗಾಬರಿ ಬೇಡ.

ತಿಂಗಳಿಗೊಂದರಂತೆ ಮೂರು ಸಲ, ಜೊತೆಗೆ ಮಿನಾಕ್ಸಿಡಿಲ್ (ಕೂದಲು ಬೆಳೆಸುವ ಔಷಧ) ಬಿಡುವಂತಿಲ್ಲ. ಫೋಟೊ ಪ್ರತಿ ಸಲ ಅದೇ ಬೆಳಕು, ಅದೇ ಬೈತಲೆ, ತೊಳೆದು ಒಣಗಿದ ಕೂದಲು. ಮೊದಲ ದಿನ ತಲೆತುಂಬ ಎಣ್ಣೆ ಹಚ್ಚಿ ಕೂತವರು ನಾಲ್ಕನೇ ತಿಂಗಳು ಶಾಂಪೂ ಹಾಕಿ ಬಂದರೆ, ಏನೂ ಮಾಡದಿದ್ದರೂ ಕೂದಲು ದಟ್ಟವಾಗಿಯೇ ಕಾಣುತ್ತದೆ.